ಟೊಮೆಟೊ ಸಸಿ ಎಲ್ಲಿ ಕೊಳ್ಳಬೇಕು: ಶ್ರೀನಿವಾಸಪುರ ಕಡೆಯ ಒಂದು ನರ್ಸರಿಯ ವಿಮರ್ಶೆ

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಟೊಮೆಟೊ ಬೆಳೆಗಾರರು ಹೊಲದ ಮೂಲೆಯಲ್ಲಿ ಮಡಿ ಮಾಡಿ ಬೀಜ ಚೆಲ್ಲುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದಾರೆ. ಹೈಬ್ರಿಡ್ ಬೀಜದ ಬೆಲೆ ಏರಿದಂತೆಲ್ಲ ಒಂದು ಬೀಜವೂ ಹಾಳಾಗಬಾರದು ಎಂಬ ಲೆಕ್ಕಾಚಾರ ಮೊದಲಾಯಿತು. ಈಗ ನರ್ಸರಿಗೆ ಮುಂಗಡ ಕೊಟ್ಟು, ಮೂರು ನಾಲ್ಕು ವಾರ ಕಾದು, ಟ್ರೇ ಸಮೇತ ಸಸಿ ತಂದು ನಾಟಿ ಮಾಡುವುದೇ ವಾಡಿಕೆ. ಎಕರೆಗೆ ಸಾಲಿನ ಅಂತರ ನೋಡಿಕೊಂಡು ಐದರಿಂದ ಏಳು ಸಾವಿರ ಸಸಿ ಬೇಕು. ಅದರ ಮೇಲೆ ಡ್ರಿಪ್ಪು, ಮಲ್ಚಿಂಗ್ ಶೀಟು, ಕಡ್ಡಿ, ದಾರ, ಗೊಬ್ಬರ, ಕೂಲಿ ಎಂದು ನಾವು ಸುರಿಯುವ ಹಣವೆಲ್ಲ ಆ ಗೇಣುದ್ದದ ಸಸಿಯನ್ನು ನಂಬಿಕೊಂಡಿರುತ್ತದೆ. ಇಷ್ಟಾದರೂ ನರ್ಸರಿಗೆ ಹೋದಾಗ ನಮ್ಮಲ್ಲಿ ಬಹುಪಾಲು ಜನ ಕೇಳುವುದು ಎರಡೇ ಪ್ರಶ್ನೆ: ಯಾವ ತಳಿ ಇದೆ, ಸಸಿಗೆ ಎಷ್ಟು. ಸಸಿಗೆ ಯಾವ ನೀರು ಹಾಕುತ್ತೀರಿ, ಯಾವ ಹೊತ್ತಿಗೆ ಹಾಕುತ್ತೀರಿ, ಬಿಳಿ ನೊಣ ಒಳಗೆ ಬರದಂತೆ ಏನು ಮಾಡಿದ್ದೀರಿ, ಕೊಟ್ಟ ಔಷಧಿ ಯಾವುದು ಎಂದು ಕೇಳುವವರು ವಿರಳ. ನರ್ಸರಿಯ ಯೋಗ್ಯತೆ ತಿಳಿಯುವುದು ಈ ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಕೆಲವು ವರ್ಷಗಳಿಂದ ಸಸಿ ತರುತ್ತಿರುವ, ಶ್ರೀನಿವಾಸಪುರದಿಂದ ಚಿಂತಾಮಣಿ ಕಡೆಗೆ ಹೋಗುವ ಸೀಮೆಯ ಒಂದು ಮಧ್ಯಮ ಗಾತ್ರದ ನರ್ಸರಿಯನ್ನು ಇಲ್ಲಿ ವಿಮರ್ಶಿಸಿದ್ದೇನೆ. ಅದರ ಹೆಸರು ಬರೆದಿಲ್ಲ. ಇಲ್ಲಿ ಹೇಳಿರುವ ಗುಣವನ್ನೂ ಕೊರತೆಯನ್ನೂ ಓದುಗರು ತಮ್ಮ ಊರಿನ ಹತ್ತಿರದ ನರ್ಸರಿಯನ್ನು ಅಳೆಯಲು ಬಳಸಿಕೊಳ್ಳಲಿ ಎಂಬುದೇ ನನ್ನ ಉದ್ದೇಶ.

ಮೊದಲು ಎಲೆ ಮುದುರು ರೋಗದ ಮಾತನ್ನು ಹೇಳಲೇಬೇಕು, ಏಕೆಂದರೆ ಈ ಭಾಗದಲ್ಲಿ ನರ್ಸರಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಕೊನೆಗೆ ತೀರ್ಮಾನವಾಗುವುದು ಅದರಿಂದಲೇ. ಇದು ನಂಜಿನಿಂದ, ಅಂದರೆ ವೈರಸ್‌ನಿಂದ ಬರುವ ರೋಗ. ಈ ನಂಜನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುವುದು ಬಿಳಿ ನೊಣ. ರೋಗ ತಗುಲಿದ ಗಿಡದ ರಸ ಹೀರಿದ ನೊಣ ಒಳ್ಳೆಯ ಸಸಿಯ ಮೇಲೆ ಸ್ವಲ್ಪ ಹೊತ್ತು ಕುಳಿತರೂ ಸಾಕು, ನಂಜು ದಾಟಿಬಿಡುತ್ತದೆ. ಆದರೆ ಎಲೆ ಮುದುರಿ, ಗಿಡ ಕುಳ್ಳಾಗಿ, ಹೂವು ಉದುರುವ ಲಕ್ಷಣಗಳು ಕಣ್ಣಿಗೆ ಬೀಳಲು ಎರಡು ಮೂರು ವಾರ ಹಿಡಿಯುತ್ತದೆ. ಹೀಗಾಗಿ ಹದಿನೈದನೆಯ ದಿನ ನರ್ಸರಿಯಲ್ಲಿ ನಂಜು ಹತ್ತಿಸಿಕೊಂಡ ಸಸಿ ಇಪ್ಪತ್ತೈದನೆಯ ದಿನ ನಮ್ಮ ಕೈಗೆ ಬರುವಾಗ ಅಚ್ಚ ಹಸಿರಾಗಿ, ನೆಟ್ಟಗೆ, ನೋಡಲು ಚೆಂದವಾಗಿಯೇ ಇರುತ್ತದೆ. ರೋಗ ಹೊರಬೀಳುವುದು ನಮ್ಮ ಹೊಲದಲ್ಲಿ, ಮೊದಲ ಮೇಲುಗೊಬ್ಬರ ಕೊಟ್ಟ ಮೇಲೆ. ಆಗ ಯಾವ ಔಷಧಿಯೂ ಅದನ್ನು ವಾಸಿ ಮಾಡುವುದಿಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸು 2,000 ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಆ ಬೆಲೆ ಬಂದಾಗ ಮಾರಲು ಕಾಯಿಯೇ ಇಲ್ಲದೆ, ಮುದುರಿದ ಗಿಡಗಳ ಸಾಲನ್ನು ನೋಡುತ್ತ ನಿಂತ ರೈತರೂ ಈ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದರು.

ಆದ್ದರಿಂದ ಸಸಿಯ ಅಂದ ನೋಡಿ ನರ್ಸರಿಯನ್ನು ಮೆಚ್ಚುವುದರಲ್ಲಿ ಅರ್ಥವಿಲ್ಲ. ಸಸಿ ಬೆಳೆದ ರೀತಿಯನ್ನು ನೋಡಬೇಕು. ರೋಗ ತಡೆಯುವ ತಳಿ ಹಾಕಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಎಲೆ ಮುದುರು ನಂಜು, ದುಂಡಾಣು ಸೊರಗು ರೋಗ, ಆರಂಭಿಕ ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳುವ ಶಕ್ತಿಯಿದೆ; ಖಾಸಗಿ ಕಂಪನಿಗಳ ತಳಿಗಳಲ್ಲಿಯೂ ಇಂಥವು ಬಂದಿವೆ. ಆದರೆ ತಡೆದುಕೊಳ್ಳುವ ಶಕ್ತಿ ಎಂದರೆ ರೋಗವೇ ಬಾರದು ಎಂದಲ್ಲ. ಎರಡೆಲೆಯ ವಯಸ್ಸಿನಲ್ಲಿಯೇ ನಂಜು ಹೊಕ್ಕರೆ ಒಳ್ಳೆಯ ತಳಿಯೂ ಸೊರಗುತ್ತದೆ. ನರ್ಸರಿಯ ಇಪ್ಪತ್ತೈದು ದಿನ ಕಾಪಾಡಿದ ಸಸಿಯಲ್ಲಿ ಮಾತ್ರ ತಳಿಯ ಗುಣ ಪೂರ್ತಿ ಕಾಣಿಸುತ್ತದೆ.

ಈ ನರ್ಸರಿಯಲ್ಲಿ ಸಸಿ ಬೆಳೆಸುವ, ಸಣ್ಣ ಕಣ್ಣಿನ ಬಲೆ ಹೊದಿಸಿದ ಪರದೆ ಮನೆಗೆ ಎರಡು ಬಾಗಿಲುಗಳಿವೆ. ನಡುವೆ ಇಬ್ಬರು ನಿಲ್ಲುವಷ್ಟು ಜಾಗ. ಮೊದಲನೆಯದು ಮುಚ್ಚದೆ ಎರಡನೆಯದನ್ನು ತೆರೆಯಲು ಅಲ್ಲಿಯವರು ಬಿಡುವುದಿಲ್ಲ, ಬಂದವರು ಎಷ್ಟೇ ದೊಡ್ಡ ಗಿರಾಕಿಯಾಗಿರಲಿ. ಎರಡು ಬಾಗಿಲು ಕಟ್ಟಿಸಿದ ನರ್ಸರಿಗಳು ಬೇಕಾದಷ್ಟಿವೆ. ಆದರೆ ಟ್ರೇ ಸಾಗಿಸುವ ಹೊತ್ತಿನಲ್ಲಿ ಎರಡಕ್ಕೂ ಕಲ್ಲು ಕೊಟ್ಟು ತೆರೆದಿಟ್ಟಿರುವುದನ್ನು ಬೇರೆ ಕಡೆ ನಾನು ಎಷ್ಟೋ ಸಲ ಕಂಡಿದ್ದೇನೆ. ಇಲ್ಲಿ ಹಾಗಾಗುವುದಿಲ್ಲ. ಬಾಗಿಲ ನಡುವಿನ ತೊಟ್ಟಿಯಲ್ಲಿ ಬ್ಲೀಚಿಂಗ್ ಪುಡಿಯ ನೀರು ಇರುತ್ತದೆ. ಹೊಲದ ಮಣ್ಣು ಮೆತ್ತಿದ ಚಪ್ಪಲಿಯನ್ನು ಅದರಲ್ಲಿ ಅದ್ದಿಯೇ ಒಳಗೆ ಕಾಲಿಡಬೇಕು. ಬೀಡಿ, ಗುಟ್ಕಾ, ಹೊಗೆಸೊಪ್ಪು ಜೇಬಿನಲ್ಲಿದ್ದರೆ ಹೊರಗಿಟ್ಟು ಸೋಪಿನಲ್ಲಿ ಕೈ ತೊಳೆಯಬೇಕೆಂದು ಗೋಡೆಯ ಮೇಲೆ ಕನ್ನಡ ಮತ್ತು ತೆಲುಗು ಎರಡರಲ್ಲಿಯೂ ಬರೆಸಿದ್ದಾರೆ. ಇದು ಅತಿಯಾಯಿತು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಟೊಮೆಟೊ ಮತ್ತು ಹೊಗೆಸೊಪ್ಪು ಒಂದೇ ಕುಟುಂಬದ ಗಿಡಗಳು. ಮೊಸಾಯಿಕ್ ನಂಜು ಹೊಗೆಸೊಪ್ಪಿನ ಪುಡಿಯಿಂದ ಕೈಗೆ, ಕೈಯಿಂದ ಸಸಿಗೆ ದಾಟುತ್ತದೆ. ಅದಕ್ಕೆ ನೊಣವೂ ಬೇಕಿಲ್ಲ, ನುಸಿಯೂ ಬೇಕಿಲ್ಲ. ಆ ಬರಹವನ್ನು ಗೋಡೆಯ ಮೇಲೆ ಕಂಡಾಗಲೇ ಈ ನರ್ಸರಿಯವರ ಮೇಲೆ ನನಗೆ ಗೌರವ ಮೂಡಿತು.

ಪರದೆ 50 ಮೆಶ್‌ನದು, ಅಂದರೆ ಒಂದು ಅಂಗುಲದ ಉದ್ದಕ್ಕೆ 50 ಕಣ್ಣು. ಬಿಳಿ ನೊಣವನ್ನು ತಡೆಯಲು 40 ಮೆಶ್ ಸಾಕು ಎನ್ನುವವರಿದ್ದಾರೆ, ಆದರೆ ನಮ್ಮ ಕಡೆಯ ನೊಣದ ಒತ್ತಡ ನೋಡಿದರೆ 50 ಮೆಶ್ ಹಾಕಿರುವುದೇ ಸರಿ. ಹರಿದ ಕಡೆ ಪರದೆಯ ತುಂಡನ್ನೇ ಹೊಲಿದು ತೇಪೆ ಹಾಕಿದ್ದಾರೆ, ಟೇಪು ಅಂಟಿಸಿ ಬಿಟ್ಟಿಲ್ಲ. ಒಳಗೆ ಸಸಿಯ ತುದಿಗಿಂತ ಸ್ವಲ್ಪ ಮೇಲೆ ಹಳದಿ ಅಂಟು ಹಾಳೆಗಳು ತೂಗುತ್ತವೆ. ಪ್ರತಿ ಹಾಳೆಯ ಮೂಲೆಯಲ್ಲಿ ನೇತುಹಾಕಿದ ತಾರೀಖು ಬರೆದಿರುತ್ತದೆ. ವಾರಕ್ಕೊಮ್ಮೆ ಅದರಲ್ಲಿ ಸಿಕ್ಕಿಬಿದ್ದ ಬಿಳಿ ನೊಣಗಳನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಹಾಳೆ ತೂಗುಹಾಕಿದರೆ ಕೀಟ ಹೋಯಿತು ಎಂದು ತಿಳಿಯುವುದು ತಪ್ಪು. ಅದರ ಮುಖ್ಯ ಉಪಯೋಗ ಕೀಟ ಒಳಗೆ ಬಂದಿದೆಯೇ, ಯಾವ ಮೂಲೆಯಿಂದ ಬರುತ್ತಿದೆ ಎಂದು ತಿಳಿಯುವುದು. ಒಮ್ಮೆ ಈಶಾನ್ಯದ ಮೂಲೆಯ ಹಾಳೆಯಲ್ಲಿ ಮಾತ್ರ ನೊಣ ಹೆಚ್ಚಾದದ್ದನ್ನು ಕಂಡು ಹುಡುಕಿದಾಗ ಪರದೆಯ ಬುಡದಲ್ಲಿ ಇಲಿ ಕಚ್ಚಿದ ತೂತು ಸಿಕ್ಕಿತೆಂದು ನರ್ಸರಿಯ ಯಜಮಾನರು ಹೇಳಿದರು. ಪುಸ್ತಕ ತೆಗೆದು ಆ ವಾರದ ಲೆಕ್ಕವನ್ನೂ ತೋರಿಸಿದರು.

ಆದರೆ ಸಣ್ಣ ಕಣ್ಣಿನ ಪರದೆ ಕೀಟವನ್ನು ತಡೆಯುವಾಗ ಗಾಳಿಯನ್ನೂ ತಡೆಯುತ್ತದೆ. ಒಳಗೆ ಸೆಕೆ ಹೆಚ್ಚುತ್ತದೆ, ತೇವ ಆರುವುದಿಲ್ಲ, ಎಲೆಯ ಮೇಲಿನ ನೀರು ಬಹಳ ಹೊತ್ತು ನಿಲ್ಲುತ್ತದೆ. ಬುಡ ಕೊಳೆಸುವ ಶಿಲೀಂಧ್ರಗಳಿಗೆ ಬೇಕಾದದ್ದು ಅದೇ. ಅಂದರೆ ಬಿಳಿ ನೊಣಕ್ಕೆಂದು ಒಳ್ಳೆಯ ಪರದೆ ಹಾಕಿದ ನರ್ಸರಿ ನೀರಿನ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರವಾಗಿರಬೇಕಾಗುತ್ತದೆ. ಕೀಟ, ರೋಗ, ಕಳೆ, ನೀರು ಇವನ್ನು ನಾಲ್ಕು ಬೇರೆ ಬೇರೆ ಕೆಲಸಗಳೆಂದು ಎಣಿಸುವ ನರ್ಸರಿಗಳು ಸೋಲುವುದು ಇಲ್ಲಿಯೇ. ಈ ನರ್ಸರಿ ಗೆದ್ದಿರುವುದೂ ಇಲ್ಲಿಯೇ. ನೀರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕೋಲಾರ ಸೀಮೆಯ ಕೊಳವೆ ಬಾವಿಗಳ ನೀರು ಗಡಸು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬಂದ ಮೇಲೆ ಕೆಲವೆಡೆ ಬಾವಿಗಳ ಮಟ್ಟ ಏರಿದೆಯಾದರೂ, ನಾವು ಆಳದಿಂದ ಎತ್ತುವ ನೀರು ಇನ್ನೂ ಗಡಸಾಗಿಯೇ ಇದೆ. ಹೊಲದ ಮಣ್ಣು ಈ ನೀರನ್ನು ಹೇಗೋ ತಡೆದುಕೊಳ್ಳುತ್ತದೆ. ಆದರೆ 98 ಗುಣಿಗಳ ಟ್ರೇಯ ಒಂದೊಂದು ಗುಣಿಯಲ್ಲಿ ಇರುವುದು ಒಂದು ಚಿಟಿಕೆ ತೆಂಗಿನ ನಾರಿನ ಪುಡಿ ಮಾತ್ರ. ದಿನವೂ ಗಡಸು ನೀರು ಬಿದ್ದರೆ ಆ ಪುಡಿಯ ಹುಳಿತನ ಕಳೆದು ಕ್ಷಾರ ಏರುತ್ತದೆ, ಸಸಿಗೆ ಕಬ್ಬಿಣದ ಅಂಶ ಸಿಗದೆ ಹೊಸ ಎಲೆಗಳು ಹಳದಿಯಾಗುತ್ತವೆ. ಇದನ್ನು ನೋಡಿ ಗೊಬ್ಬರ ಸಾಲದೆಂದು ಯೂರಿಯಾ ಕೊಡುವ ನರ್ಸರಿಗಳಿವೆ. ಹಾಗೆ ಕೊಟ್ಟಾಗ ಸಸಿ ಮೆತ್ತಗೆ, ಉದ್ದಕ್ಕೆ ಬೆಳೆದು ರಸ ಹೀರುವ ಕೀಟಗಳಿಗೆ ಹಬ್ಬವಾಗುತ್ತದೆ. ಈ ನರ್ಸರಿಯವರು ಪಕ್ಕದ ಪಾಲಿಹೌಸಿನ ಚಾವಣಿಯ ಮೇಲೆ ಬಿದ್ದ ಮಳೆ ನೀರನ್ನು ಶೀಟು ಹಾಸಿದ ಕೃಷಿ ಹೊಂಡಕ್ಕೆ ಇಳಿಸಿ, ಅದನ್ನು ಬಾವಿಯ ನೀರಿನೊಂದಿಗೆ ಬೆರೆಸಿ ಬಳಸುತ್ತಾರೆ. ಹೊಂಡದ ನೀರಿಗೆ ಬೇರೆಯ ಅಪಾಯವಿದೆ. ತೆರೆದ ನೀರಿನಲ್ಲಿ ಪಾಚಿ ಕಟ್ಟುತ್ತದೆ, ಪೈಥಿಯಂನಂಥ ಬುಡ ಕೊಳೆಸುವ ಜೀವಿಗಳು ಅದರಲ್ಲಿಯೇ ಈಜಿಕೊಂಡು ಬರಬಲ್ಲವು. ಅದಕ್ಕಾಗಿ ಮರಳಿನ ಫಿಲ್ಟರ್ ದಾಟಿಸಿ, ಕ್ಲೋರಿನ್ ಹಾಕಿ, ಒಂದು ರಾತ್ರಿ ಟ್ಯಾಂಕಿನಲ್ಲಿ ನಿಲ್ಲಿಸಿದ ನೀರನ್ನೇ ಸಸಿಗೆ ಕೊಡುತ್ತಾರೆ. ಕೇಳಿದರೆ ನೀರಿನ ಪರೀಕ್ಷೆಯ ವರದಿ ತೋರಿಸುತ್ತಾರೆ. ಈ ಭಾಗದಲ್ಲಿ ನೀರಿನ ವರದಿ ತೋರಿಸಿದ ಬೇರೆ ನರ್ಸರಿಯನ್ನು ನಾನು ಕಂಡಿಲ್ಲ.

ನಾರಿನ ಪುಡಿಯ ವಿಷಯದಲ್ಲಿಯೂ ಇದೇ ಕಾಳಜಿಯಿದೆ. ಸಮುದ್ರ ತೀರದ ತೆಂಗಿನ ಸಿಪ್ಪೆಯಿಂದ ಬರುವ ಪುಡಿಯಲ್ಲಿ ಉಪ್ಪು ಇರುತ್ತದೆ. ತೊಳೆಯದೆ ತುಂಬಿದರೆ ಮೊಳಕೆಯೇ ಸುಟ್ಟುಹೋಗುತ್ತದೆ. ಇಲ್ಲಿ ಇಟ್ಟಿಗೆಯಾಕಾರದ ಪುಡಿಯ ಗಟ್ಟಿಗಳನ್ನು ನೆನೆಸಿ, ನೀರು ಬಸಿದು, ಮತ್ತೆ ನೆನೆಸಿ, ಬಸಿದ ನೀರಿಗೆ ಮೀಟರು ಅದ್ದಿ ಉಪ್ಪಿನ ಅಂಶ ಇಳಿದದ್ದನ್ನು ನೋಡಿದ ಮೇಲೆಯೇ ಟ್ರೈಕೋಡರ್ಮ ಎಂಬ, ರೋಗ ತಡೆಯುವ ಉಪಕಾರಿ ಶಿಲೀಂಧ್ರವನ್ನು ಬೆರೆಸುತ್ತಾರೆ. ಬೀಜ ಹಾಕಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹೊದಿಸುವುದು ಎಲ್ಲ ಕಡೆಯೂ ಇದೆ, ಆದರೆ ಮೊಳಕೆ ತಲೆಯೆತ್ತಿದ ದಿನವೇ ಬಿಡಿಸಿ ಹರಡಬೇಕು. ಅರ್ಧ ದಿನ ತಡವಾದರೂ ಕಾಂಡ ಸಣಕಲಾಗುತ್ತದೆ, ಸಣಕಲು ಕಾಂಡ ಮೊದಲ ನೀರಿಗೇ ಬಾಗುತ್ತದೆ, ಬಾಗಿದ ಕಾಂಡ ತೇವದ ಪುಡಿಗೆ ತಾಗಿ ಕೊಳೆಯುತ್ತದೆ. ಭಾನುವಾರವಾಗಲಿ ಹಬ್ಬವಾಗಲಿ ಬೆಳಿಗ್ಗೆ ಬಂದು ಪೇರಿಕೆ ಬಿಚ್ಚಿ ನೋಡಲು ಒಬ್ಬರಿಗೆ ಪಾಳಿ ಹಾಕಿದ್ದಾರೆ.

ನೀರು ಹಾಕುವ ಕೆಲಸವನ್ನು ಇಲ್ಲಿ ಅನುಭವಸ್ಥ ಹೆಣ್ಣುಮಕ್ಕಳಿಗೇ ಒಪ್ಪಿಸಿದ್ದಾರೆ. ಹೊಸಬರ ಕೈಗೆ ಪೈಪು ಕೊಡುವುದಿಲ್ಲ. ಬೆಳಿಗ್ಗೆ ಬಿಸಿಲು ಏರುವ ಮೊದಲು ಮುಖ್ಯ ನೀರು. ಬೇಸಿಗೆಯಲ್ಲಿ ಮಧ್ಯಾಹ್ನ ಮತ್ತೊಮ್ಮೆ ತೆಳುವಾಗಿ. ಸಂಜೆ ಕೊಡುವುದೇ ಇಲ್ಲ, ಏಕೆಂದರೆ ರಾತ್ರಿಯೆಲ್ಲ ಎಲೆ ಒದ್ದೆಯಾಗಿರುವುದು ರೋಗಕ್ಕೆ ದಾರಿ. ಒಬ್ಬ ಅಮ್ಮ ಪ್ರತಿ ಸಾಲಿನಲ್ಲೂ ಅಲ್ಲಲ್ಲಿ ಒಂದೊಂದು ಟ್ರೇಯನ್ನು ಮೂಲೆ ಹಿಡಿದು ತುಸು ಎತ್ತಿ ನೋಡಿ, ಕೆಲವು ಸಾಲಿಗೆ ನೀರು ಬಿಟ್ಟು ಕೆಲವನ್ನು ಹಾಗೆಯೇ ದಾಟಿ ಹೋಗುತ್ತಿದ್ದರು. ಏಕೆಂದು ಕೇಳಿದೆ. “ಮೇಲೆ ಒಣಗಿದಂಗೆ ಕಾಣ್ತದೆ ಅಣ್ಣ, ಎತ್ತಿದ್ರೆ ಭಾರ ಇರ್ತದೆ. ಭಾರ ಇದ್ರೆ ಬೇರಿಗೆ ಇನ್ನೂ ನೀರೈತೆ ಅಂತ. ಮೇಲಿಂದು ನೋಡ್ಕೊಂಡು ಹಾಕಿದ್ರೆ ಬುಡ ಕೊಳೀತದೆ” ಎಂದರು. ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಳ್ಳುವ ವಸ್ತು. ಮೇಲ್ಪದರ ಒಣಗಿ ಬಣ್ಣ ತಿಳಿಯಾದರೂ ಕೆಳಗೆ ತೇವವಿರುತ್ತದೆ. ಅದೇ ಹೊತ್ತಿನಲ್ಲಿ ಅಂಚಿನ ಟ್ರೇಗಳ ಹೊರಸಾಲಿನ ಗುಣಿಗಳು ಗಾಳಿಗೆ ಬೇಗ ಒಣಗುತ್ತವೆ. ಅವುಗಳಿಗೆ ಮಾತ್ರ ಝಾರಿ ಹಿಡಿದು ಬೇರೆಯಾಗಿ ನೀರು ಕೊಡುತ್ತಾರೆ. ಹೀಗೆ ಕೈಯಳತೆಯಲ್ಲಿ ನೀರು ಕೊಡುವುದರಿಂದ ಪುಡಿಯ ಮೇಲೆ ಪಾಚಿ ಕಟ್ಟುವುದಿಲ್ಲ. ಪಾಚಿ ಇಲ್ಲದ ಕಡೆ ಅದರ ಮೇಲೆ ಹಾರಾಡುವ ಸಣ್ಣ ಕಪ್ಪು ನೊಣಗಳೂ ಕಡಿಮೆ, ಬೇರು ತಿನ್ನುವ ಅವುಗಳ ಮರಿಹುಳುಗಳೂ ಕಡಿಮೆ. ನಾನು ಕೊಳ್ಳುವ ಮೊದಲು ಯಾವುದಾದರೂ ಟ್ರೇಯ ನಡುವಿನಿಂದ ಒಂದು ಸಸಿಯನ್ನು ಕಿತ್ತು ನೋಡುತ್ತೇನೆ. ಇಲ್ಲಿಯ ಸಸಿ ಪುಡಿಯ ಗಟ್ಟಿಯ ಸಮೇತ ಸಲೀಸಾಗಿ ಮೇಲೆ ಬರುತ್ತದೆ, ಬಿಳಿ ಬೇರುಗಳು ಸುತ್ತಲೂ ಹೆಣೆದುಕೊಂಡಿರುತ್ತವೆ, ಮೂಗಿಗೆ ಹಿಡಿದರೆ ಕೊಳೆತ ವಾಸನೆಯಿರುವುದಿಲ್ಲ. ಕಂದು ಬೇರು, ಹುಳಿ ವಾಸನೆ ಕಂಡರೆ ಎಷ್ಟು ಹಸಿರಾಗಿದ್ದರೂ ಆ ಸಸಿ ಬೇಡ.

ಕೊರತೆಗಳೂ ಇವೆ, ಅವುಗಳಲ್ಲಿ ಕೆಲವು ಸಣ್ಣವಲ್ಲ.

ಅರ್ಧ ಭಾಗದಲ್ಲಿ ಟ್ರೇಗಳು ಎರಡಡಿ ಎತ್ತರದ ತಂತಿಯ ಅಟ್ಟಣೆಯ ಮೇಲಿವೆ. ಗುಣಿಯ ತಳದ ತೂತಿನಿಂದ ಹೊರಬಂದ ಬೇರು ಗಾಳಿಗೆ ತಾಗಿ ಅಲ್ಲಿಯೇ ನಿಲ್ಲುತ್ತದೆ, ಒಳಗೆ ಕವಲೊಡೆಯುತ್ತದೆ. ಉಳಿದರ್ಧ ಭಾಗದಲ್ಲಿ ಟ್ರೇಗಳು ಇನ್ನೂ ನೆಲಕ್ಕೆ ಹಾಸಿದ ಕಳೆ ತಡೆಯುವ ಚಾಪೆಯ ಮೇಲೆಯೇ ಕೂತಿವೆ. ಚಾಪೆಯ ಕೆಳಗಿನ ನೆಲ ಸಮತಟ್ಟಿಲ್ಲದ ಕಾರಣ ಮಳೆಗಾಲದಲ್ಲಿ ಅಲ್ಲಲ್ಲಿ ನೀರು ನಿಲ್ಲುತ್ತದೆ. ಸೆಪ್ಟೆಂಬರಿನ ಒಂದು ಮಳೆಯ ವಾರದಲ್ಲಿ ನಾನು ಹೋದಾಗ ಬುಡ ಕೊಳೆ ರೋಗ ಹಿಡಿದು ಸಸಿಗಳು ವೃತ್ತಾಕಾರದಲ್ಲಿ ಮಲಗಿದ್ದ ಟ್ರೇಗಳು ಸಿಕ್ಕಿದ್ದು ಆ ನೆಲದ ಭಾಗದಲ್ಲಿಯೇ. ಅವರು ಅದನ್ನು ಮುಚ್ಚಿಡಲಿಲ್ಲ. ರೋಗದ ಟ್ರೇಗಳ ಜೊತೆಗೆ ಸುತ್ತಲಿನ ಚೆನ್ನಾಗಿದ್ದ ಟ್ರೇಗಳನ್ನೂ ಹೊರಗೆ ಸಾಗಿಸಿ, ಉಳಿದವಕ್ಕೆ ತಾಮ್ರದ ಔಷಧಿಯನ್ನು ಬುಡಕ್ಕೆ ಹಾಕಿ, ಎರಡು ದಿನ ನೀರು ಬಿಗಿ ಹಿಡಿದರು. ತಾಮ್ರ ಬಿದ್ದ ಕಡೆ ಟ್ರೈಕೋಡರ್ಮ ಉಳಿಯುವುದು ಕಷ್ಟವಾದ್ದರಿಂದ ಅದನ್ನು ಕೆಲವು ದಿನ ಬಿಟ್ಟು ಮತ್ತೆ ಕೊಡುತ್ತೇವೆ ಎಂದೂ ಹೇಳಿದರು. ನಡೆದುಕೊಂಡ ರೀತಿ ಮೆಚ್ಚುವಂಥದ್ದೇ. ಆದರೆ ಅಟ್ಟಣೆಯ ಮೇಲಿನ ಸಾಲುಗಳಲ್ಲಿ ಆ ವಾರ ರೋಗವೇ ಇರಲಿಲ್ಲ ಎಂಬುದನ್ನು ಗಮನಿಸಿದರೆ, ಔಷಧಿಗೆ ಖರ್ಚು ಮಾಡುವ ಹಣವನ್ನು ಉಳಿದ ಅಟ್ಟಣೆಗೆ ಹಾಕುವುದೇ ಸರಿಯಾದ ದಾರಿ. ಅಲ್ಲಿಯವರೆಗೆ ಮಳೆಗಾಲದ ನಾಟಿಗೆ ಸಸಿ ಕೊಳ್ಳುವವರು ಅಟ್ಟಣೆಯ ಮೇಲಿನ ಟ್ರೇಗಳನ್ನೇ ಕೇಳಿ ಪಡೆಯಬೇಕು. ಕೇಳಿದರೆ ಕೊಡುತ್ತಾರೆ.

ಎರಡನೆಯ ಕೊರತೆ ಟ್ರೇ ತೊಳೆಯುವ ಜಾಗದ್ದು. ಟ್ರೇಗೆ ಠೇವಣಿ ಕಟ್ಟಿಸಿಕೊಂಡು, ನಾಟಿಯಾದ ಮೇಲೆ ವಾಪಸು ತಂದವರಿಗೆ ಹಣ ಹಿಂದಿರುಗಿಸುತ್ತಾರೆ. ರೈತರಿಗೆ ಇದು ಅನುಕೂಲವೇ. ಆದರೆ ಹತ್ತಾರು ಊರುಗಳ ಹೊಲದ ಮಣ್ಣು ಆ ಟ್ರೇಗಳ ಜೊತೆಯಲ್ಲಿಯೇ ನರ್ಸರಿಗೆ ಬರುತ್ತದೆ. ದುಂಡಾಣು ಸೊರಗು ರೋಗ ಹರಡಲು ಅದು ಇರುವ ಹೊಲದ ಒಂದು ಹಿಡಿ ಮಣ್ಣು ಸಾಕು. ಟ್ರೇಗಳನ್ನು ಉಜ್ಜಿ ತೊಳೆದು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ಬಿಸಿಲಿಗೆ ಒಣಗಿಸುವ ಕೆಲಸ ಕ್ರಮವಾಗಿಯೇ ನಡೆಯುತ್ತದೆ. ಆದರೆ ತೊಳೆಯುವ ಕಟ್ಟೆಯನ್ನು ಪರದೆ ಮನೆಗಿಂತ ಎತ್ತರದ ಕಡೆ ಕಟ್ಟಿದ್ದಾರೆ. ಕಟ್ಟೆಯ ಕೊಳಕು ನೀರು ಹರಿಯುವ ಕಾಲುವೆ ಪರದೆ ಮನೆಯ ಬದಿಯಲ್ಲಿಯೇ ಹಾದುಹೋಗುತ್ತದೆ. ಜೋರು ಮಳೆಗೆ ಆ ಕಾಲುವೆ ತುಂಬಿ ಒಳಗೆ ನುಗ್ಗಿದರೆ ಬಾಗಿಲ ತೊಟ್ಟಿಯಲ್ಲಿ ಚಪ್ಪಲಿ ಅದ್ದಿದ್ದೆಲ್ಲ ವ್ಯರ್ಥ. ಇದನ್ನು ಯಜಮಾನರಿಗೆ ನೇರವಾಗಿ ಹೇಳಿದ್ದೇನೆ.

ನನಗೆ ಹೆಚ್ಚು ಬೇಸರ ತಂದಿರುವುದು ಔಷಧಿಯ ಲೆಕ್ಕ ಗಿರಾಕಿಯ ಕೈಗೆ ಸಿಗದಿರುವುದು. ಸಸಿ ಹೊರಡುವ ಮೊದಲು ರಸ ಹೀರುವ ಕೀಟಗಳಿಗೆಂದು ಅಂತರವ್ಯಾಪಿ, ಅಂದರೆ ಗಿಡದ ರಸದಲ್ಲಿ ಸೇರಿ ಹರಡುವ ಕೀಟನಾಶಕವನ್ನು ಬುಡಕ್ಕೆ ಕೊಡುತ್ತಾರೆ. ಅದು ಸರಿಯಾದ ಕ್ರಮವೇ. ನಾಟಿಯಾದ ಮೊದಲ ದಿನಗಳಲ್ಲಿ ಸಸಿಗೆ ರಕ್ಷಣೆ ಸಿಗುತ್ತದೆ. ಆದರೆ ಯಾವುದನ್ನು ಕೊಟ್ಟರು, ಯಾವ ದಿನ ಕೊಟ್ಟರು ಎಂಬುದನ್ನು ಬಾಯಿಮಾತಿನಲ್ಲಿ ಹೇಳುತ್ತಾರೆಯೇ ಹೊರತು ರಸೀದಿಯಲ್ಲಿ ಬರೆದುಕೊಡುವುದಿಲ್ಲ. ನರ್ಸರಿಯಲ್ಲಿ ಇಮಿಡಾಕ್ಲೋಪ್ರಿಡ್ ಕುಡಿದ ಸಸಿಗೆ ನಾವು ಹೊಲದಲ್ಲಿ ವಾರ ಕಳೆಯುವುದರೊಳಗೆ ಥಯಾಮೆಥಾಕ್ಸಾಮ್ ಹೊಡೆದರೆ, ಹೆಸರು ಬೇರೆಯಾದರೂ ಎರಡೂ ಒಂದೇ ಗುಂಪಿನವು. ಒಂದೇ ಗುಂಪಿನ ಔಷಧಿ ಮೇಲಿಂದ ಮೇಲೆ ಬಿದ್ದಾಗ ಅದನ್ನು ತಾಳಿಕೊಂಡ ಬಿಳಿ ನೊಣಗಳು ಮಾತ್ರ ಉಳಿದು ಬೆಳೆಯುತ್ತವೆ. ಈಗ ನಮ್ಮ ಕಡೆ ಎಷ್ಟು ಹೊಡೆದರೂ ನೊಣ ಸಾಯುವುದಿಲ್ಲ ಎಂಬ ದೂರು ಊರೂರಲ್ಲೂ ಕೇಳಿಬರುವುದಕ್ಕೆ ಇದೂ ಒಂದು ಕಾರಣ. ಅಂಟು ಹಾಳೆಯ ಲೆಕ್ಕವನ್ನು ಅಷ್ಟು ಅಚ್ಚುಕಟ್ಟಾಗಿ ಬರೆದಿಡುವವರಿಗೆ ಔಷಧಿಯ ಹೆಸರು, ತಾರೀಖು ಇರುವ ಒಂದು ಚೀಟಿ ಕೊಡುವುದು ಕಷ್ಟದ ಕೆಲಸವಲ್ಲ. ನಾನು ಪ್ರತಿ ಸಲವೂ ಕೇಳಿ ನನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಎಲ್ಲ ಗಿರಾಕಿಗಳೂ ಕೇಳಲು ಶುರು ಮಾಡಿದರೆ ಚೀಟಿ ತಾನಾಗಿ ಬರುತ್ತದೆ.

ಥ್ರಿಪ್ಸ್ ನುಸಿಯ ವಿಷಯದಲ್ಲಿ ಈ ನರ್ಸರಿಯನ್ನು ಪೂರ್ತಿ ದೂರುವಂತಿಲ್ಲ. ಅದು ಬಿಳಿ ನೊಣಕ್ಕಿಂತ ತೆಳ್ಳಗಿನ ಜೀವಿ, 50 ಮೆಶ್ ಪರದೆಯ ಕಣ್ಣಲ್ಲಿ ನುಸುಳುತ್ತದೆ. ಅದಕ್ಕಿಂತ ಸಣ್ಣ ಕಣ್ಣಿನ ಪರದೆ ಹಾಕಿದರೆ ನಮ್ಮ ಏಪ್ರಿಲ್ ಬಿಸಿಲಿಗೆ ಒಳಗೆ ಸಸಿಯೇ ಬೇಯುತ್ತದೆ. ನೀಲಿ ಅಂಟು ಹಾಳೆ ಹಾಕಿದ್ದಾರೆ, ಎಳೆ ಎಲೆಗಳನ್ನು ಬಿಳಿ ಕಾಗದದ ಮೇಲೆ ತಟ್ಟಿ ನೋಡುತ್ತಾರೆ. ಹೊಸ ಎಲೆಗಳು ಕಂಚಿನ ಬಣ್ಣಕ್ಕೆ ತಿರುಗಿ ಕಪ್ಪು ಗೆರೆ ಬಿದ್ದ ಸಸಿ ಕಂಡರೆ ಆ ಟ್ರೇಯನ್ನು ಮಾರುವುದಿಲ್ಲ. ಎಲೆಯೊಳಗೆ ಸುರಂಗ ಕೊರೆಯುವ ರಂಗೋಲಿ ಹುಳು ಮತ್ತು 2014ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಟೂಟಾ ಹುಳು ಎರಡನ್ನೂ ಪರದೆಯೇ ತಡೆದಿದೆ. ಇಲ್ಲಿ ತಂದ ಸಸಿಯ ಎಲೆಯಲ್ಲಿ ಸುರಂಗ ಕಂಡ ನೆನಪು ನನಗಿಲ್ಲ.

ಕಳೆಯ ಮಾತಿಗೆ ಬಂದರೆ, ಟ್ರೇಯಲ್ಲಿ ಕಳೆ ಹುಟ್ಟುವುದು ಕಡಿಮೆ. ತೊಂದರೆ ಇರುವುದು ಅಟ್ಟಣೆಯ ಕೆಳಗೆ, ಚಾಪೆಯ ಹೊಲಿಗೆಯ ಸಂದಿಯಲ್ಲಿ, ಪರದೆಯ ಬುಡದಲ್ಲಿ. ಹುಳಿಸೊಪ್ಪಿನಂಥ ಸಣ್ಣ ಕಳೆಗಳು ಅಲ್ಲಿಂದಲೇ ಕಾಯಿ ಸಿಡಿಸಿ ಬೀಜ ಚೆಲ್ಲುತ್ತವೆ. ಇಲ್ಲಿ ಅವನ್ನು ಹೂವಾಗುವ ಮೊದಲು ಕೈಯಿಂದ ಕೀಳುತ್ತಾರೆ, ಪರದೆ ಮನೆಯ ಸುತ್ತ ಕಳೆನಾಶಕ ಬಳಸುವುದಿಲ್ಲ. ಇದು ಬಹಳ ಒಳ್ಳೆಯ ನಿಯಮ, ಏಕೆಂದರೆ 2,4-ಡಿ ಕಳೆನಾಶಕದ ಸಣ್ಣ ಹನಿ ಗಾಳಿಯಲ್ಲಿ ತೇಲಿ ಬಂದರೂ ಟೊಮೆಟೊ ಎಲೆ ತಿರುಚಿಕೊಂಡು ಥೇಟು ನಂಜು ರೋಗದಂತೆಯೇ ಕಾಣುತ್ತದೆ. ಪಾರ್ಥೇನಿಯಂ ಗಿಡವನ್ನು ಬೇಲಿಯವರೆಗೂ ಉಳಿಸಿಲ್ಲ. ಬೇಲಿಯಾಚೆಯದು ಮಾತ್ರ ಯಾರ ಕೈಯಲ್ಲೂ ಇಲ್ಲದ ಸಂಗತಿ. ಬೆಲೆ ಬಿದ್ದಾಗ ನಮ್ಮವರು ಕೊಯ್ಲು ಕೂಲಿಯೂ ಹುಟ್ಟುವುದಿಲ್ಲವೆಂದು ತೋಟವನ್ನು ಹಾಗೆಯೇ ಬಿಟ್ಟುಬಿಡುತ್ತಾರೆ. ಬಿಟ್ಟ ತೋಟದಷ್ಟು ಬಿಳಿ ನೊಣವನ್ನೂ ನಂಜನ್ನೂ ಸಾಕುವ ಜಾಗ ಬೇರೆ ಇಲ್ಲ. ಪಕ್ಕದ ಜಮೀನಿನಲ್ಲಿ ಹಾಗೆ ಬಿಟ್ಟ ಬೆಳೆಯನ್ನು ಈ ನರ್ಸರಿಯ ಯಜಮಾನರು ತಮ್ಮ ಖರ್ಚಿನಲ್ಲಿ ಟ್ರ್ಯಾಕ್ಟರು ಕಳಿಸಿ ಉಳುಮೆ ಮಾಡಿಸಿ ಮಣ್ಣಿಗೆ ಸೇರಿಸಿದರು ಎಂದು ಆ ಜಮೀನಿನವರೇ ನನಗೆ ಹೇಳಿದ್ದಾರೆ. ಇಂಥ ಕೆಲಸ ಯಾವ ಬೋರ್ಡಿನಲ್ಲೂ ಬರೆದಿರುವುದಿಲ್ಲ, ಆದರೆ ಸಸಿಯ ಗುಣಮಟ್ಟಕ್ಕೆ ಇದು ಪರದೆಯಷ್ಟೇ ಮುಖ್ಯ.

ಬೆಲೆ ಸುತ್ತಲಿನ ನರ್ಸರಿಗಳಿಗಿಂತ ಸಸಿಗೆ ಹತ್ತಿಪ್ಪತ್ತು ಪೈಸೆ ಹೆಚ್ಚು. ಎಕರೆಗೆ ಆರು ಸಾವಿರ ಸಸಿ ಎಂದು ಹಿಡಿದರೆ ಹೆಚ್ಚಿನ ಹೊರೆ 600ರಿಂದ 1,200 ರೂಪಾಯಿ. ಔಷಧಿ ಮತ್ತು ಕೂಲಿ ಸೇರಿ ಹೊಲಕ್ಕೆ ಒಂದು ಸುತ್ತು ಸಿಂಪಡಿಸುವ ಖರ್ಚಿಗೆ ಅದನ್ನು ಹೋಲಿಸಿದರೆ ಇದು ದುಬಾರಿಯಲ್ಲ. ನಾಲ್ಕೈದು ದಿನ ನೆರಳು ಪರದೆ ಸರಿಸಿ, ನೀರು ಕಡಿಮೆ ಮಾಡಿ ಸಸಿಯನ್ನು ಗಟ್ಟಿ ಮಾಡಿಯೇ ಕೊಡುತ್ತಾರೆ. ಆದ್ದರಿಂದ ನಾಟಿಯ ನಂತರ ಸಾಯುವ ಸಸಿಗಳು ಬಹಳ ಕಡಿಮೆ, ತೇಪೆ ನಾಟಿಯ ಕೆಲಸ ಅಷ್ಟಾಗಿ ಬೀಳುವುದಿಲ್ಲ. ಅವಸರದಲ್ಲಿರುವವರು ಗಟ್ಟಿ ಮಾಡದ ಸಸಿಯನ್ನೇ ಕೊಡಿ ಎಂದು ಒತ್ತಾಯಿಸಿದರೂ ಒಪ್ಪುವುದಿಲ್ಲ, ಇದರಿಂದ ಕೆಲವರಿಗೆ ಸಿಟ್ಟು ಬಂದದ್ದೂ ಉಂಟು. ನನಗೆ ಅದು ಅವರ ಪ್ರಾಮಾಣಿಕತೆಯ ಗುರುತಾಗಿ ಕಂಡಿದೆ.

ಬೇಸಿಗೆಯ ಬೆಳೆಗೆ, ಅಂದರೆ ಬಿಳಿ ನೊಣದ ಕಾಟ ಹೆಚ್ಚಾಗಿರುವ ಫೆಬ್ರವರಿಯಿಂದ ಮೇ ವರೆಗಿನ ನಾಟಿಗೆ, ಈ ನರ್ಸರಿಯನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಮಳೆಗಾಲಕ್ಕೆ ಅಟ್ಟಣೆಯ ಸಸಿ ಸಿಕ್ಕರೆ ಮಾತ್ರ. ಫೆಬ್ರವರಿ ನಾಟಿಗೆ ಬೇಕಾದವರು ಜನವರಿಯ ಮೊದಲ ವಾರದೊಳಗೆ ಮುಂಗಡ ಕೊಟ್ಟಿರಬೇಕು, ಆಮೇಲೆ ಜಾಗ ಸಿಗುವುದಿಲ್ಲ. ತಮ್ಮದೇ ಬೀಜ ಕೊಡುವವರು ಪೊಟ್ಟಣದ ಮೇಲಿನ ಲಾಟ್ ಸಂಖ್ಯೆಯನ್ನು ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಸಸಿ ಸಾಗಿಸಲು ನರ್ಸರಿಯವರದೇ ಪರದೆ ಕಟ್ಟಿದ ಗಾಡಿಯಿದೆ; ಬಾಡಿಗೆ ಸ್ವಲ್ಪ ಹೆಚ್ಚಾದರೂ ಅದನ್ನೇ ಕರೆಯುವುದು ಒಳ್ಳೆಯದು, ಏಕೆಂದರೆ ತೆರೆದ ಟೆಂಪೋದಲ್ಲಿ ಟೊಮೆಟೊ ತೋಟಗಳ ನಡುವೆ ಹಾದು, ದಾರಿಯಲ್ಲಿ ಟೀ ಅಂಗಡಿಯ ಮುಂದೆ ನಿಲ್ಲಿಸಿ ತರುವ ಸಸಿಯ ಮೇಲೆ ನೊಣ ಕೂರಲು ಅಷ್ಟು ಹೊತ್ತೇ ಸಾಕಾಗುತ್ತದೆ.